ಶ್ರುತಿ ಕೆಡದಂತೆ ಮಾಡ್ಯುಲೇಶನ್: ರೇಟ್, ಡೆಪ್ತ್ ಮತ್ತು ಉಳಿದ ನಾಬ್‌ಗಳನ್ನು ಹೊಂದಿಸುವ ಕ್ರಮ

ಕೋರಸ್, ಫ್ಲ್ಯಾಂಜರ್, ಫೇಸರ್, ಟ್ರೆಮೊಲೊ, ವೈಬ್ರಾಟೊ ಇವು ಹೊರನೋಟಕ್ಕೆ ಬೇರೆ ಬೇರೆ ಇಫೆಕ್ಟ್‌ಗಳಾಗಿ ಕಂಡರೂ ಒಳಗೆ ನಡೆಯುವ ಕೆಲಸ ಒಂದೇ ಬಗೆಯದು. ಧ್ವನಿಯ ಯಾವುದೋ ಒಂದು ಗುಣವನ್ನು, ಅದು ಮಟ್ಟವಿರಲಿ, ವಿಳಂಬವಿರಲಿ, ಫಿಲ್ಟರ್ ನಿಂತ ಜಾಗವಿರಲಿ, ನಿಧಾನಗತಿಯ ಅಲೆಯೊಂದು ಬಿಡದೆ ಏರಿಸುತ್ತ ಇಳಿಸುತ್ತ ಇರುತ್ತದೆ. ಈ ಏರಿಳಿತಕ್ಕೇ ಮಾಡ್ಯುಲೇಶನ್ ಎಂದು ಹೆಸರು. ಆ ಅಲೆಯನ್ನು ಹುಟ್ಟಿಸುವ, ಲೋ ಫ್ರೀಕ್ವೆನ್ಸಿ ಆಸಿಲೇಟರ್ ಎಂಬ ಭಾಗಕ್ಕೆ ಚಿಕ್ಕದಾಗಿ ಎಲ್‌ಎಫ್‌ಒ ಎನ್ನುತ್ತಾರೆ. ಅದರ ವೇಗ ಸಾಮಾನ್ಯವಾಗಿ 20 ಹರ್ಟ್ಸ್‌ಗಿಂತ ಕೆಳಗಿರುವುದರಿಂದ ಅದು ತಾನೇ ಸ್ವರವಾಗಿ ಕೇಳಿಸುವುದಿಲ್ಲ, ಅದು ಮಾಡುವ ಬದಲಾವಣೆ ಮಾತ್ರ ಕೇಳಿಸುತ್ತದೆ. ರೇಟ್ ಎಂಬ ನಾಬ್ ಆ ಅಲೆಯ ವೇಗವನ್ನೂ ಡೆಪ್ತ್ ಎಂಬ ನಾಬ್ ಅದರ ಹರವನ್ನೂ ನಿರ್ಧರಿಸುತ್ತದೆ.

ಶಿರಸಿ, ಸಿದ್ದಾಪುರ, ಹೊನ್ನಾವರ, ಕಾರವಾರದ ಕಡೆ ಈಗ ಮನೆಯ ಒಂದು ಕೋಣೆಯಲ್ಲೇ ಭಾವಗೀತೆ, ಯಕ್ಷಗಾನದ ಪದ್ಯ, ಸುಗ್ಗಿಯ ಹಾಡುಗಳನ್ನು ರೆಕಾರ್ಡ್ ಮಾಡಿ ಮಿಕ್ಸ್ ಮಾಡುವವರು ಸಾಕಷ್ಟು ಮಂದಿ ಇದ್ದಾರೆ. ಅವರ ಕೈಗೆ ಸಿಗುವ, ರೆಕಾರ್ಡಿಂಗ್ ತಂತ್ರಾಂಶಕ್ಕೆ ಜೋಡಿಸುವ ಇಫೆಕ್ಟ್‌ಗಳ, ಅಂದರೆ ಪ್ಲಗಿನ್‌ಗಳ ಪ್ರಿಸೆಟ್‌ಗಳಾದರೋ (ಮೊದಲೇ ಹೊಂದಿಸಿಟ್ಟ ಅಂಕಿಗಳು) ಬಹುಮಟ್ಟಿಗೆ ಎಲೆಕ್ಟ್ರಿಕ್ ಗಿಟಾರ್ ಮತ್ತು ಸಿಂಥಸೈಜರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದಂಥವು. ಗಿಟಾರಿನಲ್ಲಿ ಶ್ರುತಿ ಹತ್ತಿಪ್ಪತ್ತು ಸೆಂಟ್ (ಸೆಂಟ್ ಎಂದರೆ ಅರ್ಧಸ್ವರದ ನೂರನೆಯ ಒಂದು ಭಾಗ) ಅತ್ತಿತ್ತ ಆದರೆ ಅದು ಸೊಗಸು ಎನಿಸಬಹುದು. ಆದರೆ ಭಾಗವತರು ಶ್ರುತಿಗೆ ಕಂಠ ಸೇರಿಸಿ, ಅದೇ ಶ್ರುತಿಗೆ ಮದ್ದಳೆಯನ್ನೂ ಹದಗೊಳಿಸಿ ಹಾಡಿದ ಪದ್ಯದ ಮೇಲೆ ಅದೇ ಪ್ರಿಸೆಟ್ ಹಾಕಿದರೆ ಹಾಡುಗಾರಿಕೆಯ ಬುನಾದಿಯೇ ಅಲುಗುತ್ತದೆ. ಆದ್ದರಿಂದ ರೇಟ್ ಮತ್ತು ಡೆಪ್ತ್ ಎರಡು ಬೇರೆ ಬೇರೆ ತೀರ್ಮಾನಗಳಲ್ಲ, ಒಂದನ್ನು ತಿರುಗಿಸಿದಾಗ ಇನ್ನೊಂದರ ಅರ್ಥವೂ ಬದಲಾಗುತ್ತದೆ ಎಂಬುದನ್ನೇ ಈ ಬರಹದ ನಡುಗಂಬವಾಗಿ ಇಟ್ಟುಕೊಂಡಿದ್ದೇನೆ.

ಕಿವಿಯನ್ನು ಸಿದ್ಧಪಡಿಸುವುದು

ಹಾಡಿನ ಮೇಲೆ ನೇರವಾಗಿ ಇಫೆಕ್ಟ್ ಹಾಕಿ ಕಲಿಯಲು ಹೊರಟರೆ ಯಾವ ನಾಬ್ ಏನು ಮಾಡಿತು ಎಂಬುದು ತಿಳಿಯುವುದಿಲ್ಲ, ಏಕೆಂದರೆ ಹಾಡಿನಲ್ಲಿ ಮೊದಲೇ ನೂರು ಬಗೆಯ ಚಲನೆಗಳಿರುತ್ತವೆ. ಅದರ ಬದಲು ಎರಡು ಪರೀಕ್ಷಾ ಸದ್ದುಗಳನ್ನು ಇಟ್ಟುಕೊಳ್ಳಬೇಕು. ಮೊದಲನೆಯದು ಮಳೆ. ಶಿರಸಿಯ ಮಳೆಗಾಲದಲ್ಲಿ ಹಂಚಿನ ಮಾಡಿನ ಮೇಲೆ ಸುರಿಯುವ ಮಳೆಯನ್ನು ಫೋನಿನಲ್ಲಿ ಒಂದು ನಿಮಿಷ ಹಿಡಿದರೂ ಸಾಕು, ಅದರಲ್ಲಿ ಕೆಳಗಿನಿಂದ ಮೇಲಿನವರೆಗೆ ಎಲ್ಲ ಆವರ್ತನಗಳೂ (ಫ್ರೀಕ್ವೆನ್ಸಿಗಳೂ) ತುಂಬಿಕೊಂಡಿರುತ್ತವೆ. ಫ್ಲ್ಯಾಂಜರ್ ಮತ್ತು ಫೇಸರ್‌ಗಳು ಆವರ್ತನಗಳ ನಡುವೆ ಕೊರೆಯುವ ತಗ್ಗುಗಳು ಎಲ್ಲಿಂದ ಎಲ್ಲಿಗೆ ಸಾಗುತ್ತಿವೆ ಎಂಬುದು ಇಂಥ ಸದ್ದಿನಲ್ಲಿ ನಿಚ್ಚಳವಾಗಿ ಕೇಳಿಸುತ್ತದೆ. ಕಾರವಾರದವರು ಇದಕ್ಕೆ ಕಡಲತೀರದಲ್ಲಿ ಹಿಡಿದ ತೆರೆಯ ಸದ್ದನ್ನು ಬಳಸಬಹುದು, ಆದರೆ ತೆರೆಗೆ ತನ್ನದೇ ಏರಿಳಿತ ಇರುವುದರಿಂದ ಕಲಿಕೆಗೆ ಮಳೆಯೇ ಮೇಲು.

ಎರಡನೆಯದು ಅಲುಗದ ಒಂದೇ ಸ್ವರ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯಿಂದಲೋ ಸಿಂಥಿನಿಂದಲೋ ಷಡ್ಜವೊಂದನ್ನೇ ಹಿಡಿದು ನಿಲ್ಲಿಸಬೇಕು. ತಂಬೂರಿಯ ಮೀಟು ಇದಕ್ಕೆ ಒಗ್ಗದು. ಹಾರ್ಮೋನಿಯಂ ಆದರೆ ಒಂದೇ ಸಾಲಿನ ರೀಡ್ ತೆರೆದಿರಬೇಕು, ಏಕೆಂದರೆ ಎರಡು ರೀಡ್‌ಗಳು ಒಟ್ಟಿಗೆ ನುಡಿಯುವಾಗ, ಒಂದು 440 ಹರ್ಟ್ಸ್‌ನಲ್ಲೂ ಇನ್ನೊಂದು 441ರಲ್ಲೂ ಇದ್ದರೆ, ಸೆಕೆಂಡಿಗೆ ಒಂದರಂತೆ ಅಲೆ ತಾನಾಗಿಯೇ ಏಳುತ್ತದೆ. ಹಾರ್ಮೋನಿಯಂ ಟ್ರ್ಯಾಕಿನ ಮೇಲೆ ಕೋರಸ್ ಹಾಕುವ ಮೊದಲು ಇದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು: ಆ ವಾದ್ಯದೊಳಗೆ ಕೋರಸ್ ಮೊದಲೇ ಇದೆ.

ಮಳೆಯ ಸದ್ದಿನಲ್ಲಿ ತಗ್ಗುಗಳು ಕೇಳಿಸುತ್ತವೆ, ಶ್ರುತಿಯ ಓಲಾಟ ಕೇಳಿಸುವುದಿಲ್ಲ. ಒಂಟಿ ಸ್ವರದಲ್ಲಿ ಶ್ರುತಿಯ ಓಲಾಟ ಕೇಳಿಸುತ್ತದೆ, ತಗ್ಗುಗಳು ಅಷ್ಟಾಗಿ ಕೇಳಿಸುವುದಿಲ್ಲ. ಎರಡೂ ಬೇಕಾಗುವುದು ಈ ಕಾರಣಕ್ಕೆ.

ರೇಟ್ ಮತ್ತು ಡೆಪ್ತ್‌ನ ಲೆಕ್ಕ

ಕೋರಸ್, ಫ್ಲ್ಯಾಂಜರ್, ವೈಬ್ರಾಟೊ ಈ ಮೂರರಲ್ಲೂ ಎಲ್‌ಎಫ್‌ಒ ಅಲುಗಿಸುವುದು ವಿಳಂಬದ ಅವಧಿಯನ್ನು, ಅಂದರೆ ಸದ್ದಿನ ನಕಲು ಎಷ್ಟು ತಡವಾಗಿ ಹೊರಬರುತ್ತದೆ ಎಂಬುದನ್ನು. ವಿಳಂಬ ಕಡಿಮೆಯಾಗುತ್ತ ಬರುವಷ್ಟು ಹೊತ್ತು ಸ್ವರ ಮೇಲೇರುತ್ತದೆ, ಹೆಚ್ಚಾಗುತ್ತ ಹೋಗುವಷ್ಟು ಹೊತ್ತು ಕೆಳಗಿಳಿಯುತ್ತದೆ. ಎಷ್ಟು ಏರುತ್ತದೆ ಎಂಬುದು ವಿಳಂಬ ಎಷ್ಟು ಬದಲಾಯಿತು ಎಂಬುದರ ಮೇಲಷ್ಟೇ ಅಲ್ಲ, ಎಷ್ಟು ಬೇಗ ಬದಲಾಯಿತು ಎಂಬುದರ ಮೇಲೂ ನಿಂತಿದೆ. ಸೈನ್ ಅಲೆಗೆ ಒಂದು ಸುಲಭ ಲೆಕ್ಕವಿದೆ: ರೇಟನ್ನು ಹರ್ಟ್ಸ್‌ನಲ್ಲಿ, ಡೆಪ್ತನ್ನು ನಡುಬಿಂದುವಿನಿಂದ ಒಂದು ಬದಿಗೆ ಎಷ್ಟು ಮಿಲಿಸೆಕೆಂಡ್ ಎಂದು ತೆಗೆದುಕೊಂಡು, ಎರಡನ್ನೂ ಗುಣಿಸಿ, ಬಂದದ್ದನ್ನು 11ರಿಂದ ಗುಣಿಸಿದರೆ ಸ್ವರ ಹೆಚ್ಚೆಂದರೆ ಎಷ್ಟು ಸೆಂಟ್ ಸರಿಯುತ್ತದೆ ಎಂಬುದು ಸಿಗುತ್ತದೆ. ರೇಟ್ 1 ಹರ್ಟ್ಸ್, ಡೆಪ್ತ್ ಎರಡೂ ಬದಿಗೆ 2 ಮಿಲಿಸೆಕೆಂಡ್ ಇದ್ದರೆ ಸ್ವರವು ಸುಮಾರು 22 ಸೆಂಟ್ ಮೇಲಕ್ಕೂ ಅಷ್ಟೇ ಕೆಳಕ್ಕೂ ಹೋಗಿ ಬರುತ್ತದೆ. ಡೆಪ್ತನ್ನು ಮುಟ್ಟದೆ ರೇಟನ್ನು 2 ಹರ್ಟ್ಸ್‌ಗೆ ಏರಿಸಿದರೆ ಅದು 43ರ ಸುತ್ತ ನಿಲ್ಲುತ್ತದೆ.

22 ಸೆಂಟ್ ಎಂಬುದು ಸಣ್ಣ ಸಂಗತಿಯಲ್ಲ. ಒಂದು ಸ್ಥಾಯಿಯನ್ನು ಇಪ್ಪತ್ತೆರಡು ಶ್ರುತಿಗಳಾಗಿ ವಿಂಗಡಿಸುವ ಲೆಕ್ಕದಲ್ಲಿ 81/80 ಎಂಬ ಅನುಪಾತವನ್ನು ಪ್ರಮಾಣಶ್ರುತಿಯಾಗಿ ಹಿಡಿಯುವ ಪದ್ಧತಿಯಿದೆ, ಅದರ ಅಳತೆ ಸುಮಾರು 21.5 ಸೆಂಟ್. ಅಂದರೆ ಮಾಮೂಲಿ ಎನ್ನಿಸುವ ಒಂದು ಕೋರಸ್ ಪ್ರಿಸೆಟ್ ಗಾಯಕರ ಸ್ವರವನ್ನು ಸೆಕೆಂಡಿಗೊಮ್ಮೆ ಒಂದು ಶ್ರುತಿಯಷ್ಟು ಮೇಲಕ್ಕೂ ಕೆಳಕ್ಕೂ ಎಳೆಯುತ್ತಿರುತ್ತದೆ. ಶ್ರುತಿಯ ಮೇಲೆ ನಿಂತ ಗಾಯನಕ್ಕೆ ಈ ಗುಣಲಬ್ಧ 8ರಿಂದ 10 ಸೆಂಟ್ ದಾಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ರೇಟ್ 0.4 ಹರ್ಟ್ಸ್, ಡೆಪ್ತ್ 2 ಮಿಲಿಸೆಕೆಂಡ್ ಇಟ್ಟರೆ ಒಂಬತ್ತರ ಒಳಗೆ ಬರುತ್ತದೆ. ಇನ್ನೂ ವೇಗ ಬೇಕೆನಿಸಿದರೆ ರೇಟನ್ನು ಏರಿಸಿದಷ್ಟೇ ಪಾಲು ಡೆಪ್ತನ್ನು ಇಳಿಸಬೇಕು. ವೇಗವನ್ನು 5ರಿಂದ 7 ಹರ್ಟ್ಸ್‌ವರೆಗೆ ಒಯ್ಯದಿರುವುದಕ್ಕೆ ಬೇರೊಂದು ಕಾರಣವೂ ಇದೆ: ಮನುಷ್ಯಕಂಠದ ಸಹಜ ಕಂಪನ ಆ ಆಸುಪಾಸಿನಲ್ಲೇ ಇರುತ್ತದೆ. ಯಂತ್ರದ ಅಲುಗಾಟ ಅದರೊಂದಿಗೆ ಗುದ್ದಾಡಿದಾಗ ಹಾಡುವವರು ಬೇಕೆಂದೇ ಹಾಕಿದ ಗಮಕ ಮಸುಕಾಗುತ್ತದೆ.

ಹೆಚ್ಚಿನ ಪ್ಲಗಿನ್‌ಗಳಲ್ಲಿ ಡೆಪ್ತ್ ಮಿಲಿಸೆಕೆಂಡಿನಲ್ಲಿ ಕಾಣದೆ ಶೇಕಡಾವಾರಿನಲ್ಲಿ ಕಾಣುತ್ತದೆ. ಆಗ ಪರೀಕ್ಷೆಯ ಷಡ್ಜವನ್ನು ಹಾಕಿ, ಮಿಕ್ಸನ್ನು (ಇಫೆಕ್ಟಿನ ಸದ್ದಿನ ಪಾಲನ್ನು ಹೇಳುವ ನಾಬನ್ನು) ಪೂರ್ತಿ 100ಕ್ಕೆ ಏರಿಸಿ, ಇಫೆಕ್ಟಿನ ನಂತರ ಒಂದು ಟ್ಯೂನರ್ ಕೂರಿಸಬೇಕು. ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಬಳಸುವವರಿಗೆ ಅದರೊಂದಿಗೆ ಬರುವ ರೀಟ್ಯೂನ್ ಸಾಕು, ಇಲ್ಲದಿದ್ದರೆ ಫೋನಿನ ಯಾವುದೇ ಟ್ಯೂನರ್ ಆ್ಯಪ್ ಆದೀತು. ಸೂಚಿ ಅತ್ತಿತ್ತ ಎಷ್ಟು ಸೆಂಟ್ ಓಲಾಡುತ್ತದೆ ಎಂಬುದನ್ನು ನೋಡುತ್ತ ಡೆಪ್ತನ್ನು ಇಳಿಸಿ, ಒಪ್ಪುವ ಜಾಗ ಸಿಕ್ಕಿದ ಮೇಲೆ ಮಿಕ್ಸನ್ನು ಮತ್ತೆ ಕೆಳಗೆ ತರಬಹುದು. ಈ ಒಂದು ಅಭ್ಯಾಸ ರೂಢಿಯಾದರೆ ಯಾವ ಕಂಪನಿಯ ಪ್ಲಗಿನ್ ಬಂದರೂ ಅದರ ಶೇಕಡಾವಾರಿಗೆ ಮಣಿಯಬೇಕಾಗಿಲ್ಲ.

ಅಲೆಯ ಆಕಾರವೂ ಈ ಲೆಕ್ಕದಲ್ಲಿ ಸೇರುತ್ತದೆ. ಸೈನ್ ಅಲೆಯಲ್ಲಿ ಸ್ವರ ನುಣುಪಾಗಿ ಏರಿ ಇಳಿಯುತ್ತದೆ. ಟ್ರಯಾಂಗಲ್ ಅಲೆಯಲ್ಲಿ ವಿಳಂಬ ಒಂದೇ ವೇಗದಲ್ಲಿ ಏರಿ ಒಂದೇ ವೇಗದಲ್ಲಿ ಇಳಿಯುವುದರಿಂದ ಸ್ವರವು ಅರ್ಧ ಸುತ್ತು ತುಸು ಮೇಲೆ, ಅರ್ಧ ಸುತ್ತು ತುಸು ಕೆಳಗೆ ಸ್ಥಿರವಾಗಿ ನಿಲ್ಲುತ್ತದೆ. ಮೇಲಿನ ಉದಾಹರಣೆಯ ಅಂಕಿಗಳಲ್ಲೇ ನೋಡಿದರೆ ಸೈನ್ ಗರಿಷ್ಠ 22 ಸೆಂಟ್ ಮುಟ್ಟುವಲ್ಲಿ ಟ್ರಯಾಂಗಲ್ ಸುಮಾರು 14ರಲ್ಲೇ ನಿಂತಿರುತ್ತದೆ. ಜೊತೆಗೊಬ್ಬರು ಹಾಡುತ್ತಿದ್ದಾರೆ ಎನ್ನಿಸುವಂಥ ಕೋರಸ್ ಬೇಕಾದಾಗ ನಾನು ಟ್ರಯಾಂಗಲನ್ನೇ ಆಯ್ದುಕೊಳ್ಳುತ್ತೇನೆ. 1982ರಲ್ಲಿ ಬಂದ ರೋಲ್ಯಾಂಡ್ ಜುನೊ-60 ಸಿಂಥಿನ ಹೆಸರಾಂತ ಕೋರಸ್ಸೂ ಟ್ರಯಾಂಗಲ್ ಅಲೆಯದೇ. ಅದರಲ್ಲಿ ರೇಟಿಗಾಗಲಿ ಡೆಪ್ತಿಗಾಗಲಿ ನಾಬ್ ಇರಲಿಲ್ಲ, ತಯಾರಕರು ಹೊಂದಿಸಿಟ್ಟ ಜೋಡಿಗಳನ್ನು ಗುಂಡಿ ಒತ್ತಿ ಆರಿಸಿಕೊಳ್ಳಬೇಕಿತ್ತು. ಎರಡನ್ನೂ ಒಂದೇ ತೀರ್ಮಾನವಾಗಿ ಕಂಡವರು ಮಾಡಿದ ವಿನ್ಯಾಸ ಅದು. ಅದನ್ನು ಅನುಕರಿಸುವ ಟಾಲ್ ಕೋರಸ್ ಎಲ್‌ಎಕ್ಸ್ ಎಂಬ ಪ್ಲಗಿನ್ ಉಚಿತವಾಗಿ ಸಿಗುತ್ತದೆ. ಮೆಲ್ಡಾ ಪ್ರೊಡಕ್ಷನ್‌ನ ಉಚಿತ ಕಟ್ಟಿನಲ್ಲಿ ಫ್ಲ್ಯಾಂಜರ್, ಫೇಸರ್, ಟ್ರೆಮೊಲೊ, ವೈಬ್ರಾಟೊ ಎಲ್ಲವೂ ಇವೆ. ಕಲಿಕೆಗೆ ಹಣ ಸುರಿಯಬೇಕಾದ ಅಗತ್ಯ ಕಾಣುವುದಿಲ್ಲ.

ಕಂಠಕ್ಕೆ ಹಾಕುವ ಬಗೆ

ಭಾವಗೀತೆಯ ಕಂಠಕ್ಕೆ ಹರವು ಕೊಡಬೇಕೆಂದು ಕೋರಸನ್ನು ನೇರವಾಗಿ ಕಂಠದ ಟ್ರ್ಯಾಕಿನ ಮೇಲೆಯೇ ಕೂರಿಸುವುದು ಸಾಮಾನ್ಯ ರೂಢಿ. ಅದಕ್ಕಿಂತ ಉತ್ತಮವಾದ ದಾರಿ ಇದೆ. ಪ್ರತಿಧ್ವನಿಯನ್ನು ಕೂಡಿಸುವ ರಿವರ್ಬ್‌ಗಾಗಿ ಬೇರೆ ಬಸ್ (ಟ್ರ್ಯಾಕುಗಳ ಸದ್ದನ್ನು ಕಳುಹಿಸಬಹುದಾದ ಪ್ರತ್ಯೇಕ ದಾರಿ) ಮಾಡಿ, ಆ ಬಸ್ಸಿನಲ್ಲಿ ಮೊದಲು ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್, ನಂತರ ಕೋರಸ್, ಅದರ ನಂತರ ರಿವರ್ಬ್ ಇಟ್ಟು, ಕಂಠದ ಒಂದು ನಕಲನ್ನು ಸೆಂಡ್ ಮೂಲಕ ಅಲ್ಲಿಗೆ ಕಳುಹಿಸಬೇಕು. ಆಗ ಗಾಯಕರ ಮೂಲಧ್ವನಿಯ ಶ್ರುತಿಗೆ ಯಾರೂ ಕೈಹಾಕಿದಂತಾಗುವುದಿಲ್ಲ, ಅಲುಗಾಟವೆಲ್ಲ ಹಿಂದಿನ ಪ್ರತಿಧ್ವನಿಯಲ್ಲಿ ಕರಗಿ ವಿಸ್ತಾರವಾಗಿ ಕೇಳಿಸುತ್ತದೆ. ಕೋರಸ್ ಇಲ್ಲಿ ಬಸ್ಸಿನಲ್ಲಿ ಇರುವುದರಿಂದ ಅದರ ಮಿಕ್ಸ್ 100ರಲ್ಲಿ ಇರಬೇಕು. ವಿಳಂಬವನ್ನು 15ರಿಂದ 25 ಮಿಲಿಸೆಕೆಂಡ್‌ಗಳ ನಡುವೆ ಇಟ್ಟು, ಮುಂದೆ ವಿವರಿಸುವ ಫೀಡ್‌ಬ್ಯಾಕನ್ನು ಸೊನ್ನೆಯಲ್ಲೇ ಬಿಡಬಹುದು. ಪ್ರತಿಧ್ವನಿ ಮೂಲಧ್ವನಿಯಿಂದ ದೂರ ಇರುವುದರಿಂದ ಇಲ್ಲಿ ಗುಣಲಬ್ಧ 15 ಸೆಂಟ್‌ವರೆಗೆ ಹೋದರೂ ಕಿವಿ ಒಪ್ಪುತ್ತದೆ. ಕೋರಸನ್ನು ರಿವರ್ಬಿನ ನಂತರ ಇಟ್ಟರೆ ಉಳಿದ ಸದ್ದಿನ ಬಾಲವೆಲ್ಲ ಒಟ್ಟಾಗಿ ತೂಗಾಡುತ್ತದೆ, ಪದ್ಯಕ್ಕೆ ಅದು ಹೊಂದುವುದು ವಿರಳ.

ನೇರವಾಗಿ ಟ್ರ್ಯಾಕಿನ ಮೇಲೆಯೇ ಹಾಕಬೇಕಾದಲ್ಲಿ ಮಿಕ್ಸ್ ನಾಬಿನ ಬಲವನ್ನು ಅರಿತಿರಬೇಕು. ಮೂಲ ಮತ್ತು ವಿಳಂಬಿತ ಸದ್ದುಗಳು ಸಮಸಮ ಇದ್ದಾಗ ತಗ್ಗುಗಳು ಪೂರ್ತಿ ಆಳಕ್ಕೆ ಇಳಿಯುತ್ತವೆ. ಮೂಲ 80, ಇಫೆಕ್ಟ್ 20 ಇದ್ದಾಗ ಉಬ್ಬು ತಗ್ಗುಗಳ ನಡುವಿನ ಅಂತರ ನಾಲ್ಕೂವರೆ ಡೆಸಿಬಲ್ ಮಾತ್ರ. ಕಂಠಕ್ಕೆ ಇಪ್ಪತ್ತರ ಆಸುಪಾಸು ಸಾಕು.

ಒಂದೇ ಕೋಣೆಯಲ್ಲಿ ಭಾಗವತರು ಮತ್ತು ಮದ್ದಳೆಯವರು ಕೂತು ಮಾಡಿದ ರೆಕಾರ್ಡಿಂಗ್ ಆದರೆ ಕಂಠದ ಮೈಕಿನೊಳಗೆ ಮದ್ದಳೆಯೂ ಇಣುಕಿರುತ್ತದೆ. ಕಂಠಕ್ಕೆಂದು ಹಾಕಿದ ಕೋರಸ್ ಮದ್ದಳೆಯ ಪೆಟ್ಟನ್ನೂ ಎರಡಾಗಿಸಿ ಮಾರ್ಪಡಿಸುತ್ತದೆ. ಇಂಥಲ್ಲಿ ಮಾಡ್ಯುಲೇಶನ್ ಕೈಬಿಡುವುದೇ ಸರಿ.

ಫೀಡ್‌ಬ್ಯಾಕ್, ಫ್ಲ್ಯಾಂಜರ್, ಫೇಸರ್

ಫ್ಲ್ಯಾಂಜರಿನ ವಿಳಂಬ ಕೋರಸ್ಸಿನದಕ್ಕಿಂತ ಬಹಳ ಚಿಕ್ಕದು, ಸಾಮಾನ್ಯವಾಗಿ 10 ಮಿಲಿಸೆಕೆಂಡ್‌ಗಿಂತ ಕಡಿಮೆ. ವಿಳಂಬ 1 ಮಿಲಿಸೆಕೆಂಡ್ ಇದ್ದಾಗ 500, 1500, 2500 ಹರ್ಟ್ಸ್ ಹೀಗೆ ತಗ್ಗುಗಳು ಬೀಳುತ್ತವೆ. ಅರ್ಧ ಮಿಲಿಸೆಕೆಂಡಿಗೆ ಬಂದರೆ ಅವು 1000, 3000, 5000ಕ್ಕೆ ಜರಗುತ್ತವೆ. ಮಳೆಯ ಸದ್ದಿನ ಮೇಲೆ ರೇಟನ್ನು 0.1 ಹರ್ಟ್ಸ್‌ನಲ್ಲಿಟ್ಟು ಕೇಳಿದರೆ ಈ ಜರುಗುವಿಕೆ ಸ್ಪಷ್ಟವಾಗುತ್ತದೆ. ಫೀಡ್‌ಬ್ಯಾಕ್ ಹೊರಬಂದ ಸದ್ದನ್ನು ಮತ್ತೆ ಒಳಕ್ಕೆ ಕಳುಹಿಸುವುದರಿಂದ ಉಬ್ಬುಗಳು ಚೂಪಾಗುತ್ತವೆ. ಶೇಕಡಾ 60ರ ಮೇಲೆ ಅದು ತನ್ನದೇ ಸ್ವರವನ್ನು ಹಾಡಲು ತೊಡಗುತ್ತದೆ. ಆ ಸ್ವರ ಹಾಡಿನ ಶ್ರುತಿಗೆ ಸಂಬಂಧವಿಲ್ಲದ್ದಾಗಿರುವುದರಿಂದ ರಾಗದ ನಡುವೆ ಅದಕ್ಕೆ ಜಾಗವಿಲ್ಲ. ಫೀಡ್‌ಬ್ಯಾಕ್ ಏರಿಸಿದಾಗ ಸದ್ದಿನ ಮಟ್ಟವೂ ಏರುತ್ತದೆ. ಬೈಪಾಸ್ ಒತ್ತಿ ಹೋಲಿಸುವ ಮುನ್ನ ಎರಡೂ ಕಡೆಯ ಮಟ್ಟವನ್ನು ಸಮ ಮಾಡಿಕೊಳ್ಳದಿದ್ದರೆ ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ.

ಫೇಸರ್ ವಿಳಂಬವನ್ನಲ್ಲ, ಮಟ್ಟವನ್ನು ಮುಟ್ಟದೆ ಅಲೆಯ ಫೇಸನ್ನು ಮಾತ್ರ ಸರಿಸುವ ಆಲ್‌ಪಾಸ್ ಫಿಲ್ಟರ್‌ಗಳ ಸಾಲನ್ನು ಅಲುಗಿಸುತ್ತದೆ. ಎರಡು ಹಂತಕ್ಕೆ ಒಂದು ತಗ್ಗಿನಂತೆ, ನಾಲ್ಕು ಹಂತದ ಫೇಸರಿನಲ್ಲಿ ಎರಡು ತಗ್ಗುಗಳಿರುತ್ತವೆ. ತಗ್ಗುಗಳು ಕಡಿಮೆ ಇರುವುದರಿಂದಲೂ ಸಮಾನ ಅಂತರದಲ್ಲಿ ಇಲ್ಲದಿರುವುದರಿಂದಲೂ ಅದರ ಚಲನೆ ಫ್ಲ್ಯಾಂಜರಿಗಿಂತ ಮೃದು. ವಾದ್ಯವೃಂದದ ಹಿನ್ನೆಲೆಗೆ, ಹಿಡಿದು ನಿಂತ ಸಿಂಥ್ ಪ್ಯಾಡಿಗೆ, ವೀಣೆಯ ದೀರ್ಘ ನಾದಕ್ಕೆ ನಾಲ್ಕು ಹಂತದ ಫೇಸರನ್ನು 0.2 ಹರ್ಟ್ಸ್ ಆಸುಪಾಸಿನಲ್ಲಿ ಹಾಕಿ, ಫೀಡ್‌ಬ್ಯಾಕ್ 20 ದಾಟದಂತೆ ನೋಡಿಕೊಂಡರೆ ಸದ್ದಿಗೆ ಒಳಗಿನಿಂದಲೇ ಜೀವ ಬಂದಂತಾಗುತ್ತದೆ. ಟ್ರೆಮೊಲೊ ಮಟ್ಟವನ್ನು ಮಾತ್ರ ಅಲುಗಿಸುವುದರಿಂದ ಶ್ರುತಿಗೆ ಅದರಿಂದ ಅಪಾಯವಿಲ್ಲ. ಸ್ಕ್ವೇರ್ ಅಲೆ ಆಯ್ದಾಗ ಟಿಕ್ ಟಿಕ್ ಸದ್ದು ಬಂದರೆ ಸ್ಮೂತ್ ನಾಬನ್ನು ತುಸು ಏರಿಸಿದರಾಯಿತು.

ಚರ್ಮವಾದ್ಯ, ತೆರೆ, ತಾಳ

ಚಂಡೆಯ ಬಿರುಸಾದ ಪೆಟ್ಟುಗಳಿಗೆ ಕೋರಸ್ ಹಾಕಿದರೆ 15 ಮಿಲಿಸೆಕೆಂಡಿನ ಅಂತರವೂ ಎರಡು ಪೆಟ್ಟಾಗಿ ಕೇಳಿಸಿ ಕೈಚಳಕ ಕೊಳೆಯಾಗುತ್ತದೆ. ಚರ್ಮವಾದ್ಯಗಳಿಗೆ ಎಲ್‌ಎಫ್‌ಒಗಿಂತ ಎನ್ವಲಪ್ ಫಾಲೋವರ್ ಒಳ್ಳೆಯ ಜೊತೆಗಾರ. ಅದು ಗಡಿಯಾರದಂತೆ ತನ್ನಷ್ಟಕ್ಕೆ ಸುತ್ತದೆ, ವಾದ್ಯದ ಸದ್ದು ಜೋರಾದಾಗ ಫಿಲ್ಟರನ್ನು ತೆರೆದು, ತಗ್ಗಿದಾಗ ಮುಚ್ಚುತ್ತದೆ. ಅಟ್ಯಾಕ್ (ತೆರೆಯಲು ಹಿಡಿಯುವ ಹೊತ್ತು) 10 ಮಿಲಿಸೆಕೆಂಡ್, ರಿಲೀಸ್ (ಮುಚ್ಚಲು ಹಿಡಿಯುವ ಹೊತ್ತು) 150ರಿಂದ 250 ಮಿಲಿಸೆಕೆಂಡ್ ಇಟ್ಟು ಶುರು ಮಾಡಬಹುದು. ಗುಮಟೆಗೆ ಮಾತ್ರ ಇದನ್ನೂ ಹಾಕುವ ಮೊದಲು ಎರಡು ಸಲ ಯೋಚಿಸಬೇಕು. ಒಂದು ಕೈ ಚರ್ಮದ ಮೇಲೆ ನುಡಿಸುತ್ತಿರುವಾಗ ಇನ್ನೊಂದು ಕೈ ಮಡಕೆಯ ತೆರೆದ ಬಾಯನ್ನು ಮುಚ್ಚಿ ತೆರೆದು ನಾದವನ್ನು ಬದಲಿಸುತ್ತಿರುತ್ತದೆ. ಹಾಲಕ್ಕಿ ಒಕ್ಕಲಿಗರ ಸುಗ್ಗಿಯ ಹಾಡಿನಲ್ಲಿ ಆ ಕೈಯೇ ಮಾಡ್ಯುಲೇಶನ್, ಅದನ್ನು ಕೇಳುವಂತೆ ಮಾಡುವುದಷ್ಟೇ ಮಿಕ್ಸ್ ಮಾಡುವವರ ಪಾಲಿನ ಕೆಲಸ.

ಕಡಲಿನ ಸದ್ದನ್ನು ಹಾಡಿನ ಹಿನ್ನೆಲೆಗೆ ಇಡುವವರೂ ಇದೇ ಉಪಾಯ ಬಳಸಬೇಕು. ಎಲ್‌ಎಫ್‌ಒಗೆ ಯಾವ ಅಂಕಿ ಕೊಟ್ಟರೂ ಅದು ತೆರೆಯ ಬಡಿತಕ್ಕೆ ಹೊಂದುವುದಿಲ್ಲ, ತೆರೆ ಒಂದೇ ಅವಧಿಗೆ ಬರುವುದೂ ಇಲ್ಲ. ಅಟ್ಯಾಕ್ 300 ಮಿಲಿಸೆಕೆಂಡ್, ರಿಲೀಸ್ 2 ಸೆಕೆಂಡ್ ಇಟ್ಟ ಎನ್ವಲಪ್ ಫಾಲೋವರಿಗೆ ಮೇಲಿನ ಆವರ್ತನಗಳನ್ನು ಕತ್ತರಿಸುವ ಲೋ ಪಾಸ್ ಫಿಲ್ಟರನ್ನು ಒಪ್ಪಿಸಿದರೆ, ತೆರೆ ಒಡೆದಾಗ ಸದ್ದು ಅರಳಿ, ಹಿಂದೆ ಸರಿದಾಗ ಮಂಕಾಗಿ, ಕಂಠಕ್ಕೆ ಜಾಗ ಬಿಟ್ಟುಕೊಡುತ್ತದೆ.

ತಾಳಕ್ಕೆ ಎಲ್‌ಎಫ್‌ಒವನ್ನು ಹೊಂದಿಸುವಾಗ ಸಿಂಕ್ ಗುಂಡಿಯನ್ನು ಕುರುಡಾಗಿ ನಂಬಬಾರದು. ಅದರ ಆಯ್ಕೆಗಳು ನಾಲ್ಕು ಬೀಟಿನ ಬಾರನ್ನು ಆಧರಿಸಿದವು. ಪ್ರಾಜೆಕ್ಟನ್ನು 7/4ಕ್ಕೆ ಇಟ್ಟರೂ ಕೆಲವು ಪ್ಲಗಿನ್‌ಗಳು ನಾಲ್ಕನ್ನೇ ಎಣಿಸುತ್ತವೆ. ತ್ರಿವುಡೆ ತಾಳದ ಏಳು ಅಕ್ಷರದ ಆವರ್ತನಕ್ಕೆ (ತಾಳದ ಒಂದು ಸುತ್ತಿಗೆ) ಸಿಂಕನ್ನು ಬಂದ್ ಮಾಡಿಟ್ಟು, ಕೈಲೆಕ್ಕದಲ್ಲೇ ರೇಟ್ ಕೊಡುವುದು ಸುಲಭ. ನಿಮಿಷಕ್ಕೆ 140 ಅಕ್ಷರ ನಡೆಯುತ್ತಿದ್ದರೆ ಏಳು ಅಕ್ಷರಕ್ಕೆ 3 ಸೆಕೆಂಡ್, ಅಂದರೆ 0.33 ಹರ್ಟ್ಸ್. ಎರಡು ಆವರ್ತನಕ್ಕೊಂದು ಸುತ್ತು ಬೇಕಾದರೆ 0.167 ಹರ್ಟ್ಸ್. ಆದರೆ ಇದು ಕ್ಲಿಕ್ (ಲಯ ಎಣಿಸುವ ಟಿಕ್ ಸದ್ದು) ಹಾಕಿಕೊಂಡು ಮಾಡಿದ ರೆಕಾರ್ಡಿಂಗಿಗೆ ಮಾತ್ರ ಸಲ್ಲುವ ಮಾತು. ಭಾಗವತರು ಪ್ರಸಂಗದ ಕಾವಿಗೆ ತಕ್ಕಂತೆ ಲಯ ಏರಿಸುತ್ತ ಹೋಗುವ ಪದ್ಯಕ್ಕೆ ತಾಳಕ್ಕಂಟಿದ ಎಲ್‌ಎಫ್‌ಒ ನಾಲ್ಕೇ ಆವರ್ತನದಲ್ಲಿ ಹಿಂದೆ ಬೀಳುತ್ತದೆ. ಅಲ್ಲಿ 0.1 ಹರ್ಟ್ಸ್‌ಗಿಂತ ನಿಧಾನವಾದ, ಯಾವ ಪೆಟ್ಟಿಗೂ ಸೇರಿದ್ದೆನಿಸದ ಚಲನೆಯೇ ಕ್ಷೇಮ.

ಮೋನೊ ಪರೀಕ್ಷೆ ಮತ್ತು ಕೊನೆಯ ಕಡತ

ಸ್ಟೀರಿಯೊ ಅಥವಾ ಫೇಸ್ ಎಂಬ ನಾಬ್ ಎಡ ಬಲಗಳ ಎಲ್‌ಎಫ್‌ಒ ನಡುವೆ ಎಷ್ಟು ಡಿಗ್ರಿ ಅಂತರವಿರಬೇಕು ಎಂಬುದನ್ನು ಹೇಳುತ್ತದೆ. 180 ಡಿಗ್ರಿ ಇಟ್ಟಾಗ ಹೆಡ್‌ಫೋನಿನಲ್ಲಿ ಹರವು ಬೆರಗು ಹುಟ್ಟಿಸುತ್ತದೆ. ಆದರೆ ನಮ್ಮ ಕಡೆಯ ಹಾಡುಗಳು ಶಿರಸಿಯ ಮಾರಿಕಾಂಬಾ ಜಾತ್ರೆಯಂಥ ಗದ್ದಲದಲ್ಲಿ, ಬಯಲಾಟದ ರಂಗದ ಪಕ್ಕದ ಹಾರ್ನಿನಲ್ಲಿ, ಫೋನಿನ ಒಂಟಿ ಸ್ಪೀಕರಿನಲ್ಲಿ ಮೋನೊ ಆಗಿಯೇ ಕೇಳಿಸುವುದು ಹೆಚ್ಚು. ಎಡಬಲಗಳು ಕೂಡಿದಾಗ ಆಟೊಪ್ಯಾನಿನ (ಸದ್ದನ್ನು ಎಡಬಲಕ್ಕೆ ಓಡಾಡಿಸುವ ಇಫೆಕ್ಟಿನ) ಚಲನೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಒಂದು ಬದಿಗೆ ಮೂಲ, ಇನ್ನೊಂದು ಬದಿಗೆ ಇಫೆಕ್ಟ್ ಇಟ್ಟ ಕೋರಸ್ಸಿನಲ್ಲಿ ಇದರ ವಿರುದ್ಧ ನಡೆಯುತ್ತದೆ: ರೋಲ್ಯಾಂಡ್ 1975ರಲ್ಲಿ ತಂದ ಜೆಸಿ-120 ಆಂಪ್ಲಿಫೈಯರಿನಲ್ಲಿ ಈ ಎರಡೂ ಗಾಳಿಯಲ್ಲಿ ಬೆರೆತು ಹಿತವಾಗಿ ಕೇಳಿಸುತ್ತಿದ್ದವು, ತಂತಿಯಲ್ಲೇ ಕೂಡಿಸಿದರೆ ತಗ್ಗುಗಳು ಎದ್ದು ಬಂದು ಕಂಠ ಟೊಳ್ಳಾಗುತ್ತದೆ. ಮಾಸ್ಟರ್ ಟ್ರ್ಯಾಕಿನಲ್ಲಿ ಮೋನೊ ಗುಂಡಿ ಒತ್ತಿ ಕೇಳಿ, ಕಂಠ ಹಿಂದೆ ಸರಿದಂತೆನಿಸಿದರೆ ಅಂತರವನ್ನು 90 ಡಿಗ್ರಿಗೆ ಇಳಿಸಿ, ಮಿಕ್ಸನ್ನೂ ತುಸು ತಗ್ಗಿಸಬೇಕು.

ಎಲ್‌ಎಫ್‌ಒ ತನ್ನಷ್ಟಕ್ಕೆ ಓಡುತ್ತಿರುವ ಪ್ಲಗಿನ್‌ಗಳಲ್ಲಿ ಪ್ರತಿ ಸಲ ರೆಂಡರ್ ಮಾಡಿದಾಗಲೂ (ಕೊನೆಯ ಕಡತವನ್ನು ಹೊರತೆಗೆದಾಗಲೂ) ಅಲೆ ಬೇರೆ ಜಾಗದಿಂದ ಶುರುವಾಗುತ್ತದೆ. ಇಂದು ಮೆಚ್ಚಿದ ಸಾಲು ನಾಳೆಯ ಕಡತದಲ್ಲಿ ಬೇರೆಯಾಗಿ ಕೇಳಿಸುವುದು ಈ ಕಾರಣದಿಂದ. ರೀಟ್ರಿಗರ್ ಅಥವಾ ಆರಂಭದ ಫೇಸ್ ಎಂಬ ಆಯ್ಕೆ ಇದ್ದರೆ ಅದನ್ನು ಹಾಡಿನ ಮೊದಲ ಅಕ್ಷರಕ್ಕೆ ಕಟ್ಟಿಹಾಕಬೇಕು. ಇಲ್ಲದಿದ್ದರೆ ಒಪ್ಪಿಗೆಯಾದ ಇಫೆಕ್ಟನ್ನು ಬೇರೆ ಟ್ರ್ಯಾಕಿಗೆ ಆಡಿಯೊ ಆಗಿ ಇಳಿಸಿ, ಮೂಲ ಟ್ರ್ಯಾಕನ್ನು ಅಳಿಸದೆ ಮ್ಯೂಟ್ ಮಾಡಿ, ರೇಟ್, ಡೆಪ್ತ್, ಮಿಕ್ಸ್‌ಗಳ ಅಂಕಿಗಳನ್ನು ಹೊಸ ಟ್ರ್ಯಾಕಿನ ಹೆಸರಿನಲ್ಲೇ ಬರೆದಿಡಬೇಕು.